ಕರೆಂಟ್ ಹೋದಾಗ ತೊಳೆದ ಟ್ಯಾಂಕ್

ಅಕ್ಕಿಆಲೂರಿನ ನಮ್ಮ ಮನೆಯಲ್ಲಿ ಫ್ಯಾನು, ಮಿಕ್ಸರ್ ಏನೇ ಇರಲಿ, ಕರೆಂಟ್ ಹೋದಾಗಲೇ ಅವ್ವ ಅದನ್ನು ಒರೆಸುವುದು. ಆಗ ಶಾಕ್ ಹೊಡೆಯುವುದಿಲ್ಲ ಎಂಬುದು ಅವಳ ಲೆಕ್ಕ. ಕಳೆದ ಚಳಿಗಾಲದಲ್ಲಿ ಹಾಗೆಯೇ ನನ್ನ ಮೀನಿನ ಟ್ಯಾಂಕಿಗೂ ಕೈ ಹಚ್ಚಿದಳು. ಮೀನುಗಳನ್ನು ಒಳಗೇ ಬಿಟ್ಟು ಅರ್ಧ ನೀರು ತೆಗೆದಳು. ಮೀನಿಗೆ ನೀರು ಬೆಚ್ಚಗಿರಲೆಂದು ಟ್ಯಾಂಕಿನೊಳಗೆ ಇಳಿಬಿಟ್ಟಿದ್ದ ಹೀಟರಿನ ಪ್ಲಗ್ ಮಾತ್ರ ಕೀಳಲಿಲ್ಲ. ಅಷ್ಟರಲ್ಲಿ ಕರೆಂಟ್ ಬಂತು. ನೀರಿನ ಮೇಲೆ ಉಳಿದಿದ್ದ ಗಾಜಿನ ಹೀಟರ್ ಕಾದು ಕೆಂಡವಾಯಿತು. ಗೊತ್ತಿಲ್ಲದ ಅವ್ವ ಹೊಸ ತಣ್ಣೀರು ಸುರಿದಳು. ಹೀಟರಿನ ಗಾಜು ಚಟ್ಟೆಂದು ಒಡೆಯಿತು.

ಚೂರು ಎತ್ತಲು ಅವಳು ನೀರಿಗೆ ಕೈ ಹಾಕುವುದರೊಳಗೆ ನಾನು ಓಡಿ ಸ್ವಿಚ್ ಆರಿಸಿ ಪ್ಲಗ್ ಕಿತ್ತೆ.

“ಮೊದಲ ಪ್ಲಗ್ ಕೀಳಬೇಕು, ಹೀಟರ್ ತಣ್ಣಗಾಗೂತನಕ ಕಾಯಬೇಕು. ನಿನ್ನ ಜೀವ ಹೋಗಿದ್ರ?” ಎಂದು ರೇಗಿದೆ.

“ಮೀನಿಗೆ ಥಂಡಿ ಆಗತೈತೇನು?” ಎಂದಳು ಅವ್ವ.

ಹೊಸ ಹೀಟರ್ ಹಾನಗಲ್ಲಿನಿಂದ ಬರಬೇಕಾದರೆ ಮರುದಿನವೇ ಆಗಬೇಕು. ಸಂಜೆ ನೋಡಿದರೆ ಟ್ಯಾಂಕಿನ ಸುತ್ತ ಅಪ್ಪನ ಕಂಬಳಿ ಸುತ್ತಿತ್ತು. ಅಪ್ಪ ಕೈಕಟ್ಟಿಕೊಂಡು ಅದನ್ನೇ ನೋಡುತ್ತ ನಿಂತಿದ್ದರು.

“ನಿಮಗ ಸ್ವೆಟರ್ ಐತಲ್ರಿ,” ಎಂದಳು ಅವ್ವ. “ಅವಕ್ಕ ಏನೈತಿ?”