ಒಂದು ಮಳೆಗಾಲ ಕಾಣದ ಹಿಕ್ಕೆ

ಸೊಕ್ಕೆಯ ನನ್ನ ತವರಿನಿಂದ ತ್ಯಾವಣಿಗೆಯ ನಮ್ಮ ತೋಟಕ್ಕೆ ವರ್ಷಕ್ಕೊಮ್ಮೆ ಒಂದು ಟ್ರ್ಯಾಕ್ಟರ್ ಆಡಿನ ಹಿಕ್ಕೆ ಬರುತ್ತದೆ. ಬೇರೆಯವರಿಗೆ ತವರಿನಿಂದ ಸೀರೆ, ನನಗೆ ಗೊಬ್ಬರ. ಕಳಿಸುವವರು ಅಣ್ಣನ ಹೆಂಡತಿ. ಆಡುಗಳದ್ದೆಲ್ಲ ಅತ್ತಿಗೆಯ ಉಸ್ತುವಾರಿ. ಆ ಗೊಬ್ಬರದ ಬಗ್ಗೆ ನನಗೆ ಜಂಬ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಅತ್ತೆ ಸೂಳೆಕೆರೆ ನೀರು ಕುಡಿದು ಬೆಳೆದವರು. ನನ್ನ ತವರಿನ ಜಗಳೂರು ಕಡೆ ಎಂದರೆ ಅವರ ಪಾಲಿಗೆ ಬರೀ ಕಲ್ಲು, ಮುಳ್ಳು. ವರ್ಷದಲ್ಲಿ ಆ ಒಂದು ದಿನ ಮಾತ್ರ ಹಿಕ್ಕೆಯನ್ನು ಅಂಗೈಯಲ್ಲಿ ಪುಡಿ ಮಾಡಿ ನೋಡಿ, "ಗೊಬ್ಬರ ಚಲೋ ಐತೆ" ಎನ್ನುತ್ತಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ಹೋದ ವರ್ಷ ಅತ್ತೆ ಅಡಿಕೆ ಸಸಿಗೆಂದು ಮಡಿ ಮಾಡಿಸಿದರು. ಅವರಿಂದ ಇನ್ನೊಂದು 'ಚಲೋ' ಅನ್ನಿಸಿಕೊಳ್ಳುವ ಆಸೆ ನನಗೆ. ಮಳೆಗಾಲಕ್ಕೆ ಮೊದಲೇ ಅತ್ತಿಗೆಗೆ ಫೋನು ಹಚ್ಚಿದೆ.

"ಈಗಿರೋದು ಹಸಿ ಹಿಕ್ಕೆ ಕಣವ್ವ. ತಿಪ್ಪೇಲಿ ಒಂದು ಮಳೆಗಾಲ ಕಾಣ್ಲಿ" ಎಂದರು.

"ಹಸೀದೋ ಒಣಗಿದ್ದೋ, ಗೊಬ್ಬರ ಗೊಬ್ಬರಾನೇ. ಕಳ್ಸ್ರಿ ಅತ್ತಿಗೆ" ಎಂದೆ.

ಟ್ರ್ಯಾಕ್ಟರ್ ಬಂದ ದಿನ ಅತ್ತೆ ಹೊನ್ನಾಳಿಗೆ ಮದುವೆಗೆಂದು ಹೋಗಿದ್ದರು. ಅವರು ಬರುವಷ್ಟರಲ್ಲಿ ಹಿಕ್ಕೆಯನ್ನು ಮಡಿಗೆ ಬೆರೆಸಿಬಿಟ್ಟೆ.

ಎರಡು ತಿಂಗಳಿಗೆ ಅಡಿಕೆ ಸಸಿಗಿಂತ ಹುರುಪಾಗಿ ಬಳ್ಳಾರಿ ಜಾಲಿ ಎದ್ದಿತು. ಆಡು ಜಾಲಿಕಾಯಿ ತಿನ್ನುತ್ತದೆ, ಬೀಜ ಅದರ ಹೊಟ್ಟೆಯಲ್ಲಿ ಸಾಯುವುದಿಲ್ಲ. ಕಳೆ ಕೀಳಲು ಕೂತ ಅತ್ತೆಯ ಬೆರಳಿಗೆ ಮುಳ್ಳು ಚುಚ್ಚಿತು.

"ನಿನ್ನ ತವರಿನೋರು ಗೊಬ್ಬರದ ಜತಿಗೆ ಮುಳ್ಳೂ ಕಳ್ಸ್ಯಾರೆ. ಇನ್ಮ್ಯಾಲೆ ಅವರ ಗೊಬ್ಬರ ಬ್ಯಾಡ ಅನ್ನು" ಎಂದರು.

ನಿಜ ಏನೆಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅತ್ತಿಗೆಯ ತಲೆಗೆ ತಪ್ಪು ಕಟ್ಟಿ ತೆಪ್ಪಗಿದ್ದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಅದೇ ತಿಂಗಳು ನಮ್ಮ ಕಡೆಯ ತೋಟ ನೋಡಲು ಕೀನ್ಯಾ ದೇಶದ ಒಬ್ಬ ರೈತ ಹೆಂಗಸು ಬಂದರು. ಅವರ ಮಾತು ನಮಗೆ ತಿಳಿಸಿ ಹೇಳಲು ಕಾಲೇಜಿನ ಮೇಷ್ಟ್ರೊಬ್ಬರು ಜೊತೆಗಿದ್ದರು. ನಾವು ಅಡಿಕೆ ಮರ ತೋರಿಸಿದರೆ ಆಕೆ ನೋಡಿದ್ದು ಬುಡವನ್ನು. ಒಂದು ಹಿಕ್ಕೆ ಎತ್ತಿ, ಉಗುರಿನಿಂದ ಸೀಳಿ ಮೂಸಿದರು, ಥೇಟ್ ನಮ್ಮ ಅತ್ತಿಗೆಯ ಹಾಗೆ. ಕಾಫಿ ಕುಡಿಯಲೂ ಬಿಡದೆ ನಾನು ಒಂದರ ಮೇಲೊಂದು ಪ್ರಶ್ನೆ ಹಾಕಿದೆ. ನಾವು ಬುಟ್ಟಿಗಟ್ಟಲೆ ಚೆಲ್ಲುವ ಹಿಕ್ಕೆಯನ್ನು ಅವರು ಮೆಕ್ಕೆಜೋಳದ ಗುಣಿಗೆ ಒಂದೊಂದೇ ಹಿಡಿ ಹಾಕುತ್ತಾರಂತೆ. ಗೋಣಿಚೀಲದಲ್ಲಿ ಕಟ್ಟಿ ಡ್ರಮ್ಮಿನ ನೀರಿನಲ್ಲಿ ನೆನೆಹಾಕಿ, ಚಹಾದ ಬಣ್ಣಕ್ಕೆ ತಿರುಗಿದ ಆ ನೀರನ್ನು ಸೊಪ್ಪಿನ ಮಡಿಗೆ ಹೊಯ್ಯುತ್ತಾರಂತೆ. ಇದು ನಮಗ್ಯಾಕೆ ಹೊಳೆಯಲಿಲ್ಲ ಎಂದುಕೊಂಡೆ. ಫೋನಿನಲ್ಲಿ ತಮ್ಮ ಹೊಲದ ಫೋಟೋ ತೋರಿಸಿದರು. ಕೆಂಪು ಮಣ್ಣು, ಬೋಳು ಗುಡ್ಡ, ಅಂಚಿಗೆ ಬೇಲಿ. ಸೊಕ್ಕೆಯೇ ಅನ್ನಬೇಕು. ಬೇಲಿಯ ಗಿಡವನ್ನು ದೊಡ್ಡದು ಮಾಡಿ ನೋಡಿದೆ. ಬಳ್ಳಾರಿ ಜಾಲಿ! ಬಳ್ಳಾರಿ ಎಲ್ಲಿ, ಕೀನ್ಯಾ ಎಲ್ಲಿ.

"ಹಿಕ್ಕೆ ಹಾಕಿದ್ರೆ ನಿಮ್ಮಲ್ಲಿ ಇದು ಹುಟ್ಟಲ್ವೇನ್ರಿ?" ಎಂದು ಕೇಳಿದೆ.

ಮೇಷ್ಟ್ರು ಆಕೆಯ ಉತ್ತರ ತಿಳಿಸಿದರು. "ಜಾಲಿಕಾಯಿ ಹಿಟ್ಟು ಮಾಡ್ಸಿ ಆಡಿಗೆ ಹಾಕ್ತಾರಂತೆ, ಬೀಜ ಒಡೀಲಿ ಅಂತ. ಹಿಕ್ಕೇನೂ ಅಷ್ಟೇ, ಉಳಿದ ಬೀಜ ಸಾಯ್ಲಿ ಅಂತ ತಿಪ್ಪೇಲಿ ಕಾವು ಏರಿ ಕೊಳೆಯಾಕೆ ಬಿಟ್ಟು ಆಮೇಲೆ ಹೊಲಕ್ಕಂತೆ."

ಅತ್ತೆ ತಲೆದೂಗಿದರು. ಇದೇ ಬುದ್ಧಿಮಾತು ಸೊಕ್ಕೆಯಿಂದ ಬಂದಾಗ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಅಷ್ಟರಲ್ಲಿ ಆಕೆ ನಮ್ಮ ಸಸಿಮಡಿಯಲ್ಲಿ ಎದ್ದಿದ್ದ ಜಾಲಿಯ ಕಡೆ ಕೈ ತೋರಿಸಿ ಏನೋ ಕೇಳಿದರು.

"ಈ ಗೊಬ್ಬರ ಕೊಟ್ಟೋರು ನಿಮಗೆ ಹೇಳ್ಲಿಲ್ವಾ ಅಂತ ಕೇಳ್ತಿದಾರೆ" ಎಂದರು ಮೇಷ್ಟ್ರು.

ಅತ್ತೆ ನನ್ನ ಮುಖ ನೋಡಿದರು.

"ಹೇಳಿದ್ರು. ಒಂದು ಮಳೆಗಾಲ ಕಾಣ್ಲಿ ಅಂದಿದ್ರು. ನಾನೇ ಹಟ ಮಾಡಿ ತರ್ಸಿದೆ" ಎಂದೆ.

ಅತ್ತೆ ಬಂದವರಿಗೆ ಎಲೆ ಅಡಿಕೆ ಕೊಟ್ಟು ಕಳಿಸಿದರು. ನಾನು ಲೋಟ ತೊಳೆಯುತ್ತ ಬೈಗುಳಕ್ಕೆ ಕಾಯುತ್ತಿದ್ದೆ. ಅತ್ತೆ ಅಡುಗೆಮನೆಗೆ ಬಂದು, "ಸೊಕ್ಕೆಗೆ ಫೋನು ಹಚ್ಚು" ಎಂದರು. ಹಚ್ಚಿದೆ. ಅತ್ತಿಗೆ ಹಲೋ ಎನ್ನುವ ಮೊದಲೇ ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಬರೋ ವರ್ಷಾನೂ ಹಿಕ್ಕೆ ಕಳ್ಸವ್ವ. ಯಾವಾಗ ಕಳ್ಸಬೇಕು ಅಂಬೋದು ನಿನಗೆ ಗೊತ್ತೈತೆ. ಇವಳ ಮಾತು ಮಾತ್ರ ಕೇಳಬ್ಯಾಡ."