ಡಬಲ್ಲಣ್ಣ ಪ್ಲಗ್ ಕಿತ್ತದ್ದು

ಮೋಟಾರು ಸುಟ್ಟಿತೆಂದರೆ ಆ ಬೀದಿಯವರಿಗೆಲ್ಲ ಮೊದಲು ನೆನಪಾಗುತ್ತಿದ್ದವನು ಡಬಲ್ಲಣ್ಣ. ಪಂಪು, ಮಿಕ್ಸಿ, ಫ್ಯಾನು, ಏನೇ ಹೊಗೆಯಾಡಿದರೂ ಅವನ ಅಂಗಡಿಗೇ ಬರುತ್ತಿತ್ತು. ಕಪ್ಪಾದ ತಂತಿ ಬಿಚ್ಚಿ, ಹೊಸದು ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಟ್ಟನೆಂದರೆ ಆ ಮೋಟಾರು ಮತ್ತೆ ಅವನ ಮುಖ ನೋಡುತ್ತಿರಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ಆ ಅಡ್ಡಹೆಸರು ಬರುತ್ತಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಒಂದು ಜನರೇಟರು ಕಟ್ಟುತ್ತಿದ್ದ. ಒಂದು ಪಾಲು ಕರೆಂಟು ತಿಂದು ಎರಡು ಪಾಲು ಕೊಡುತ್ತದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಜನ ನಕ್ಕು ಹೆಸರಿಟ್ಟರು; ಇವನು ಅದನ್ನು ಬಿರುದೆಂದುಕೊಂಡ.

ಹೆಂಡತಿ ನಗಲಿಲ್ಲ. ಅವನ ಬೆರಳುಗಳು ದಪ್ಪಗಾಗಿ, ಕೂದಲೆಳೆಯಂಥ ತಂತಿ ಹಿಡಿಯಲಾಗದೆ ಹೋದ ಮೇಲೆ ಆ ಯಂತ್ರದ ಸುರುಳಿಗಳನ್ನೆಲ್ಲ ಸುತ್ತಿದವಳು ಅವಳೇ. ಸಂಜೆ ಮನೆಗೆಲಸ ಮುಗಿಸಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಅವಳು ಸುತ್ತು ಎಣಿಸುವಾಗ ಅವನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಿಕ್ಕ ಹೊತ್ತಿನಲ್ಲಿ ಆ ಬಾಯಿಗೆ ಬೀಗವೇ ಇರಲಿಲ್ಲ.

ಆದರೆ ಅವಳು ಒಂದನ್ನು ಗಮನಿಸಿದ್ದಳು. ಎರಡು ಪಾಲು ಕೊಡುವ ಈ ಯಂತ್ರ ಮಹಾರಾಯ ಗೋಡೆಯ ಪ್ಲಗ್ಗನ್ನು ಒಮ್ಮೆಯೂ ಬಿಟ್ಟದ್ದಿಲ್ಲ. ಹೊರಬರುವ ಕರೆಂಟನ್ನೇ ಅದಕ್ಕೆ ತಿರುಗಿ ಉಣಿಸಿದರೆ ಸಾಕಲ್ಲ? ಕೇಳಿದರೆ ಅವನ ಬಳಿ ನೆಪಗಳಿಗೆ ಬರವಿರಲಿಲ್ಲ. ಬೇರಿಂಗು ಹೊಸದು, ಪಳಗಲಿ. ಆಯಸ್ಕಾಂತ ಇನ್ನೂ ಹದಕ್ಕೆ ಬಂದಿಲ್ಲ. ಕೊನೆಗೆ, "ಎರಡು ಪಾಲು ತೋರಿಸೋ ಮೀಟರು ಸುಳ್ಳು ಹೇಳತ್ತಾ?" ಪಾಪದ ಮೀಟರು! ಯಂತ್ರದ ಭಾರದ ಚಕ್ರ ಎಬ್ಬಿಸುತ್ತಿದ್ದ, ಒಂದೇ ಸಮನಿಲ್ಲದೆ ಚಿಮ್ಮುವ ಕರೆಂಟಿಗೆ ತಬ್ಬಿಬ್ಬಾಗಿ ಬಾಯಿಗೆ ಬಂದದ್ದು ಹೇಳುತ್ತಿತ್ತು.

ಊರಿನ ಸಭಾಂಗಣದಲ್ಲಿ ಹೊಸ ಯಂತ್ರಗಳ ಪ್ರದರ್ಶನ ಇದೆಯೆಂದು ತಿಳಿದದ್ದೇ ತಡ, ಡಬಲ್ಲಣ್ಣ ಹೆಸರು ಕೊಟ್ಟು ಬಂದ. ಒಳ್ಳೆಯ ಅಂಗಿಯನ್ನು ಇಸ್ತ್ರಿಗೂ ಕೊಟ್ಟ. ಹೆಂಡತಿ ಮುಂದಿನದನ್ನು ಲೆಕ್ಕ ಹಾಕಿದಳು. ಅಲ್ಲಿ ಯಾರಾದರೊಬ್ಬರು ಪ್ಲಗ್ ಕೀಳಿ ಎಂದು ಹೇಳಿಯೇ ಹೇಳುತ್ತಾರೆ. ಬೀದಿಯವರ ನಗೆಯಲ್ಲಿ ಸಲಿಗೆಯಿತ್ತು. ತುಂಬಿದ ಸಭೆಯ ನಗೆ ಇವನನ್ನು ಮುಗಿಸಿಬಿಡುತ್ತದೆ. ಯಂತ್ರ ನಿಲ್ಲುವುದಾದರೆ ಇಲ್ಲೇ ನಿಲ್ಲಲಿ, ನನ್ನೊಬ್ಬಳ ಎದುರಿಗೆ, ಎಂದುಕೊಂಡಳು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಕೋಣೆಗೆ ಹೋದಳು. ಚಕ್ರ ಗುಂಯ್‌ಗುಡುತ್ತಿತ್ತು, ಬಲ್ಬು ಉರಿಯುತ್ತಿತ್ತು.

"ರೀ, ಪ್ಲಗ್ ಕಿತ್ತು ತೋರಿಸ್ತೀರಾ?"

"ನಿಂಗೂ ನಂಬಿಕೆ ಇಲ್ವಾ?"

"ಊರೋರು ನೋಡೋಕೆ ಮುಂಚೆ ನಾನು ನೋಡ್ಬೇಡ್ವಾ? ಅಷ್ಟೊಂದು ಸುತ್ತಿದೀನಿ."

ಆ ಮಾತಿಗೆ ಅವನು ಕರಗಿದ. ಹೊರಬರುವ ತಂತಿಯನ್ನು ಒಳಗೆ ಜೋಡಿಸಿ, ಕೈ ಒರೆಸಿಕೊಂಡು, ಪ್ಲಗ್ ಕಿತ್ತ.

ಚಕ್ರ ನಿಲ್ಲಲಿಲ್ಲ. ಬಲ್ಬೂ ಆರಲಿಲ್ಲ. "ನೋಡಿದ್ಯಾ! ನೋಡಿದ್ಯಾ!" ಎಂದು ಅವನು ನಿಂತಲ್ಲೇ ಕುಣಿದ. ಭಾರದ ಚಕ್ರ, ಹಿಡಿದ ವೇಗವನ್ನು ಅಷ್ಟು ಬೇಗ ಬಿಡುವಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು, ನಿಲ್ಲಬೇಡ, ದಮ್ಮಯ್ಯ, ನಿಲ್ಲಬೇಡ ಎಂದು ಆ ಕಬ್ಬಿಣವನ್ನು ಬೇಡಿಕೊಂಡಳು. ಬಲ್ಬು ಹಳದಿಯಾಯಿತು, ಕೆಂಪಾಯಿತು, ಒಳಗಿನ ಎಳೆಯಷ್ಟೇ ಕಾಣಿಸಿ ಆರಿತು. ಚಕ್ರ ಸೋಮಾರಿಯಂತೆ ಇನ್ನೊಂದು ಸುತ್ತು ಹಾಕಿ ನಿಂತುಬಿಟ್ಟಿತು.

ಅವನು ಸ್ಟೂಲಿನ ಮೇಲೆ ಕುಸಿದ.

"ನಾಳೆ ಹೋಗಲ್ಲ ಕಣೇ," ಎಂದ. ಆಮೇಲೆ ಅವಳ ಮುಖ ನೋಡಿ, "ನಿಂಗೆ ಗೊತ್ತಿತ್ತಾ?"

ಸುಳ್ಳಾಡಲು ಅವಳಿಗೆ ಮನಸ್ಸು ಬರಲಿಲ್ಲ. "ಗೊತ್ತಿತ್ತು. ಮೊದಲಿಂದ್ಲೂ."

"ಮತ್ತೆ ಇಷ್ಟು ವರ್ಷ ಯಾಕೆ ಸುತ್ತಿಕೊಟ್ಟೆ?"

"ನೀವು ಕೇಳಿದ್ರಲ್ಲ," ಎಂದಳು. "ಈಗ ಮಾತ್ರ, ನಿಲ್ಲದೇ ಇರ್ಲಿ ಅಂತ ನಾನೂ ಬೇಡ್ಕೊಂಡೆ ರೀ."

ಅಷ್ಟು ಹೇಳಿ, ಅವನಿಗಿಂತ ಮೊದಲು ಅವಳೇ ಅತ್ತುಬಿಟ್ಟಳು.