ಅಕ್ಕನಿಗೆ ಆರಿಸಿಕೊಟ್ಟ ಹೊಲಿಗೆ ಮಿಷನ್

ಎಂಬತ್ತರ ದಶಕದ ಮೊದಲ ವರ್ಷಗಳು. ಒಂದು ಮಧ್ಯಾಹ್ನ ಕಾಪುವಿನಿಂದ ಅಕ್ಕ ಕಾರ್ಕಳದ ನಮ್ಮ ಮನೆಗೆ ಬಂದಳು. ಹೆಗಲಲ್ಲಿ ಹೊಸ ಚೀಲ. ಗಲ್ಫಿನಲ್ಲಿದ್ದ ಭಾವ ತೊಟ್ಟು ಹಳತು ಮಾಡಿದ್ದ ಜೀನ್ಸ್ ಪ್ಯಾಂಟನ್ನು ಕತ್ತರಿಸಿ ತಾನೇ ಹೊಲಿದಿದ್ದಳು. ಪ್ಯಾಂಟಿನ ಹಿಂದಿನ ಜೇಬು ಚೀಲದ ಮುಂದೆ ಬಂದು ಕೂತಿತ್ತು. ಹೊಲಿಗೆ ಸೊಟ್ಟ. ಆದರೂ ಚೀಲ ಚಂದವಿತ್ತು. ಇದು ನನಗೇಕೆ ಹೊಳೆಯಲಿಲ್ಲ ಎಂದು ಹೊಟ್ಟೆಯೊಳಗೆ ಉರಿ ಎದ್ದಿತು.

ಯಾಕೆಂದರೆ ನಮ್ಮಿಬ್ಬರಲ್ಲಿ ಹೊಲಿಗೆಯವಳು ನಾನು. ಮದುವೆಯಾಗಿ ಬರುವಾಗ ಅಮ್ಮನ ಕಾಲುಮಿಷನ್ ನನ್ನ ಜೊತೆಗೇ ಬಂದಿತ್ತು. ಕುಕ್ಕುಂದೂರಿನಿಂದಲೂ ಹೆಂಗಸರು ರವಿಕೆ ಹೊಲಿಸಲು ಬರುತ್ತಿದ್ದರು. ಅಕ್ಕನಿಗೆ ಸೂಜಿಗೆ ನೂಲು ಪೋಣಿಸಲು ಕಲಿಸಿದವಳೂ ನಾನೇ.

"ಮಣಿಪಾಲದ ಅಂಗಡಿಗೆ ಇಂಥ ಒಂದೆರಡು ಚೀಲ ಕೊಟ್ಟಿದ್ದೆ, ಅವರು ಇನ್ನೂ ಬೇಕು ಅಂತಾರೆ. ಕಾಲೇಜು ಹುಡುಗಿಯರು ಬಿಡುವುದೇ ಇಲ್ಲವಂತೆ," ಎಂದಳು ಅಕ್ಕ. "ಚರ್ಮದ ಪಟ್ಟಿ ಹಾಕಿದರೆ ಇನ್ನೂ ಲಾಯ್ಕ ಆಗ್ತದೆ. ಆದರೆ ನನ್ನ ಮಿಷನಿಗೆ ಆಗುವುದಿಲ್ಲ. ನಿನಗೆ ಗೊತ್ತುಂಟಲ್ಲ, ಒಂದು ಒಳ್ಳೆಯದು ಆರಿಸಿ ಕೊಡು ಮಾರಾಯ್ತಿ."

ಇಲ್ಲ ಎನ್ನಲು ಕಾರಣ ಸಿಗಲಿಲ್ಲ. ಒಂದು ಹಳೆಯ ಬೆಲ್ಟಿನ ತುಂಡನ್ನೂ ಜೀನ್ಸಿನ ದಪ್ಪ ಅಂಚನ್ನೂ ಕೈಚೀಲಕ್ಕೆ ಹಾಕಿಕೊಂಡು ಅವಳ ಜೊತೆ ಉಡುಪಿಗೆ ಹೋದೆ.

ಪೇಟೆಯ ಮಿಷನ್ ಅಂಗಡಿಯಲ್ಲಿ ಅಕ್ಕನ ಕಣ್ಣು ನೇರ ಹೋದದ್ದು ತಿಳಿ ಹಸಿರಿನ ಹೊಸ ಮಿಷನಿನ ಮೇಲೆ. ಅದು ಹೂಬಳ್ಳಿಯನ್ನೂ ಹೊಲಿಯುತ್ತದೆಂದು ಅಂಗಡಿಯವರು ಬಣ್ಣಿಸಿದರು. ನಾನು ಜೀನ್ಸನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ಚರ್ಮ ಇಟ್ಟು ಹೊಲಿಯಲು ನೋಡಿದೆ. ಟಕ್ಕೆಂದು ಸೂಜಿ ಮುರಿಯಿತು. ಅಂಗಡಿಯವರ ಮುಖ ಗಂಟಾಯಿತು. ಮೋಟರು ಕೂರಿಸಿದ ಇನ್ನೊಂದರಲ್ಲಿ ಸೂಜಿಯೇನೋ ಇಳಿಯಿತು; ಆದರೆ ಕೆಳಗಿನ ಬಟ್ಟೆ ಮುಂದೆ ಹೋಗಿ, ಮೇಲಿನ ಚರ್ಮ ಹಿಂದೆಯೇ ಉಳಿದು ಅಂಚು ಕೂಡಲಿಲ್ಲ. ಬಟ್ಟೆಯಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಚರ್ಮದಲ್ಲಿ ಸೂಜಿಯ ತೂತು ಬಿದ್ದರೆ ಬಿದ್ದದ್ದೇ.

ಕೊನೆಗೆ ಯಾರೋ ಹೇಳಿದರೆಂದು ಆದಿ ಉಡುಪಿಗೆ ಹೋದೆವು. ಕಾರು ಬಸ್ಸುಗಳ ಸೀಟು ಹೊಲಿಯುತ್ತಿದ್ದವರೊಬ್ಬರು ಕೆಲಸ ಬಿಟ್ಟು ಮಿಷನ್ ಮಾರುವವರಿದ್ದರು. ಅವರ ಮಿಷನಿಗೆ ಬಣ್ಣವೂ ಇರಲಿಲ್ಲ, ಮೈಯೆಲ್ಲ ಎಣ್ಣೆ. ಆದರೆ ಸೂಜಿಯ ಬುಡದಲ್ಲಿರುವ ಅದರ ಕಾಲು ಬಟ್ಟೆಯನ್ನು ಸುಮ್ಮನೆ ಒತ್ತಿ ನಿಲ್ಲುತ್ತಿರಲಿಲ್ಲ. ಹೊಲಿಗೆ ಹೊಲಿಗೆಗೂ ಬಟ್ಟೆಯ ಜೊತೆ ತಾನೂ ಹೆಜ್ಜೆಯಿಟ್ಟು ಮೇಲಿನದನ್ನೂ ಕೆಳಗಿನದನ್ನೂ ಒಟ್ಟಿಗೆ ಸಾಗಿಸುತ್ತಿತ್ತು. ಬೆಲ್ಟಿನ ಚರ್ಮದ ಮೇಲೆ ಉದ್ದುದ್ದ ಹೊಲಿಗೆ ಸಾಲಾಗಿ ಬಿತ್ತು. ಅಗತ್ಯವಿಲ್ಲದಿದ್ದರೂ ಇನ್ನೊಂದು ಸಾಲು ಹೊಲಿದೆ. ಮತ್ತೊಂದು.

"ಎಂತ, ಸಾಕಲ್ವಾ?" ಎಂದಳು ಅಕ್ಕ.

ಚೆನ್ನಾಗಿಲ್ಲ ಎಂದು ಹೇಳಲು ಬಾಯಿ ತುರಿಸಿತು. ಆದರೆ ಹಾಗೆಂದರೆ ಆ ಮಿಷನ್ ಇನ್ಯಾರದೋ ಮನೆ ಸೇರಿ ನನಗೆ ಮುಟ್ಟಲೂ ಸಿಗುತ್ತಿರಲಿಲ್ಲ. "ಇದನ್ನೇ ತಕೊ," ಎಂದೆ.

ಮಳೆಗಾಲ ಮುಗಿಯುವುದರೊಳಗೆ ಮಣಿಪಾಲದ ಬಸ್ಸಿನಲ್ಲಿ ಹುಡುಗಿಯರ ಹೆಗಲಿನಲ್ಲಿ ಅಕ್ಕನ ಚೀಲಗಳು ಕಾಣತೊಡಗಿದವು. ನಾನು ಅವುಗಳ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದೆ. ಸಿಕ್ಕಿದ ದಿನ ಊಟ ರುಚಿಸುತ್ತಿತ್ತು. ಭಾನುವಾರಗಳಂದು ನೆವ ಮಾಡಿಕೊಂಡು ಕಾಪುವಿಗೆ ಹೋಗುತ್ತಿದ್ದೆ. ಹೋದವಳು ನೇರ ಮಿಷನಿನ ಮುಂದೆ ಕೂರುತ್ತಿದ್ದೆ.

ಒಂದು ಭಾನುವಾರ ಅಕ್ಕ ಮಿಷನಿಗೆ ಬಟ್ಟೆ ಮುಚ್ಚಿ ಪಕ್ಕದಲ್ಲಿ ನಿಂತಿದ್ದಳು.

"ನೀನು ನನ್ನನ್ನು ನೋಡಲು ಬರುವುದಾ, ಇದನ್ನಾ?"

"ಆರಿಸಿ ಕೊಟ್ಟವಳು ನಾನು. ಸ್ವಲ್ಪ ಹೊಲಿದರೆ ಸವೆದು ಹೋಗ್ತದಾ?"

"ಅಮ್ಮನ ಮಿಷನ್ ನಿನ್ನ ಹಿಂದೆ ಕಾರ್ಕಳಕ್ಕೆ ಹೋಯ್ತು. ಹಿರಿಯವಳು ನಾನು, ನನ್ನನ್ನು ಒಂದು ಮಾತು ಕೇಳಿದವರುಂಟಾ?" ಮುಚ್ಚಿದ ಬಟ್ಟೆಯ ಅಂಚನ್ನು ಇನ್ನಷ್ಟು ಕೆಳಗೆಳೆದಳು. "ಲಾರಿಗೆ ಏರಿಸುವಾಗ ನಾನು ಬಾವಿಕಟ್ಟೆಯ ಹತ್ತಿರ ಹೋಗಿ ಅತ್ತದ್ದು ನಿನಗೆ ಗೊತ್ತುಂಟಾ?"

ಗೊತ್ತಿರಲಿಲ್ಲ. ಹೊಟ್ಟೆಕಿಚ್ಚು ನನ್ನೊಬ್ಬಳದೇ ಎಂದುಕೊಂಡಿದ್ದೆ. ಅವಳದು ನನ್ನದಕ್ಕಿಂತ ಎಷ್ಟೋ ಹಳೆಯದು. ಕಾಫಿ ಕುಡಿದು ಬಸ್ಸು ಹತ್ತಿದೆ. ಅವಳಿಗೂ ಉರಿಯಿತ್ತೆಂದು ತಿಳಿದು ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನನಗೂ ಒಂದು ಬೇಕೇ ಬೇಕು ಎಂಬ ಹಟ ಮಾತ್ರ ಗಟ್ಟಿಯಾಯಿತು.

ಮರುವರ್ಷ ಕಾರ್ಕಳದಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಅಂಗಡಿಯೊಂದು ಮುಚ್ಚಿತು. ಅಲ್ಲಿಯ ಮಿಷನನ್ನು ನಾನು ಕೊಂಡೆ. ಅದಕ್ಕೆ ಬಟ್ಟೆ ಹರಡುವ ಹಲಗೆ ಇರಲಿಲ್ಲ, ತೋಳಿನಂತೆ ಚಾಚಿಕೊಂಡ ಕಬ್ಬಿಣವಿತ್ತು. ಚೀಲವನ್ನು ಅದಕ್ಕೆ ತೊಡಿಸಿ ಅಡಿಯ ಗುಂಡಗಿನ ಮೂಲೆಗಳನ್ನೂ ಹೊಲಿಯಬಹುದಿತ್ತು. ಅಕ್ಕನ ಹಲಗೆಯ ಮಿಷನಿನಲ್ಲಿ ಅದು ಸಾಧ್ಯವಿರಲಿಲ್ಲ. ಅವಳ ಚೀಲಗಳೆಲ್ಲ ಚಪ್ಪಟೆ.

ಸುದ್ದಿ ಕೇಳಿ ಅಕ್ಕ ಬಂದಳು. ನಾನು ಗುಂಡಗಿನ ಅಡಿಯಿದ್ದ ಚರ್ಮದ ಚೀಲವೊಂದನ್ನು ಅವಳ ಕೈಗಿಟ್ಟೆ. ಅವಳು ಅದನ್ನು ಒಳಗು ಹೊರಗು ಮಾಡಿ ನೋಡಿದಳು, ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದಳು. ಮುಖ ಸಣ್ಣಗಾಯಿತು.

"ಅಡಿ ಗಟ್ಟಿ ಉಂಟು," ಎಂದಳು. ಚೀಲವನ್ನು ಕೆಳಗಿಟ್ಟು ಕೇಳಿದಳು, "ಬರುವ ಭಾನುವಾರ ನಾನು ಒಂದೆರಡು ಚೀಲ ತರ್ತೇನೆ. ಮೂಲೆ ಮಾತ್ರ ಇದರಲ್ಲಿ ಹೊಲಿಯುತ್ತೇನೆ. ಆಗದಾ?"

"ನೋಡುವ," ಎಂದೆ.